ಎರಡು ಗುಮ್ಮಟಗಳ ನಡುವಿನ ಊರು

ವಿಜಯಪುರವನ್ನು ನೋಡಿದ್ದೇವೆ ಎನ್ನುವವರಲ್ಲಿ ಹೆಚ್ಚಿನವರು ನೋಡಿರುವುದು ಗೋಲಗುಮ್ಮಟವನ್ನು. ಶಾಲಾ ಪ್ರವಾಸದ ಬಸ್ಸು ಬೆಳಿಗ್ಗೆ ಬಂದು ನಿಲ್ಲುತ್ತದೆ. ಮಕ್ಕಳು ಮೆಟ್ಟಿಲು ಹತ್ತಿ ಕೂಗು ಹಾಕಿ, ಚಪ್ಪಾಳೆ ತಟ್ಟಿ ಇಳಿಯುತ್ತಾರೆ. ಅಲ್ಲಿಂದ ಬಸ್ಸು ನೇರವಾಗಿ ಇಬ್ರಾಹಿಂ ರೋಜಾಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಆಲಮಟ್ಟಿಯ ಅಥವಾ ಬಾದಾಮಿಯ ದಾರಿ ಹಿಡಿಯುತ್ತದೆ. ಊರಿನ ಪೂರ್ವದ ತುದಿಯಲ್ಲೊಂದು ಗುಮ್ಮಟ, ಪಶ್ಚಿಮದ ಗೋಡೆಯಾಚೆ ಇನ್ನೊಂದು. ಎರಡರ ನಡುವೆ ಸುಮಾರು ಐದು ಕಿಲೋಮೀಟರಿನ ಅಂತರ. ಆ ಅಂತರದಲ್ಲಿ ಒಂದು ಊರಿದೆ ಎಂಬುದು ಬಸ್ಸಿನ ಕಿಟಕಿಯಲ್ಲಿ ಕುಳಿತವರ ಗಮನಕ್ಕೆ ಬರುವುದೇ ಇಲ್ಲ.

ಈಚಿನ ವರ್ಷಗಳಲ್ಲಿ ಹಳೆಯ ನಗರಗಳನ್ನು ಹತ್ತಿಪ್ಪತ್ತು ಜನರ ಗುಂಪಾಗಿ ನಡೆದು ನೋಡುವ ಪರಿಪಾಠ ಬೆಳೆಯುತ್ತಿದೆ. ಬೆಂಗಳೂರಿನ ಪೇಟೆ, ಮೈಸೂರಿನ ಅರಮನೆ ಸುತ್ತಿನ ಬೀದಿಗಳು, ಹೈದರಾಬಾದಿನ ಚಾರ್‌ಮಿನಾರ್ ಪ್ರದೇಶ ಇವೆಲ್ಲ ಇಂಥ 'ಪಾರಂಪರಿಕ ನಡಿಗೆ'ಗಳಿಗೆ ಹೆಸರಾಗಿವೆ. ನಾಲ್ಕು ಕಟ್ಟಡ ನೋಡುವುದು, ನಡುವೆ ಎಲ್ಲಾದರೂ ಕುಳಿತು ಆ ಊರಿನ ತಿಂಡಿ ತಿನ್ನುವುದು, ತಿಳಿದವರೊಬ್ಬರು ಹೇಳುವ ಮಾತು ಕೇಳುವುದು ಇದರ ಕ್ರಮ. ಹೆಸರು ಹೊಸದಾದರೂ ಗುಂಪಾಗಿ ನಡೆಯುವುದು ವಿಜಯಪುರ ಸೀಮೆಯವರಿಗೆ ಹೊಸದೇನಲ್ಲ. ಯುಗಾದಿಗೆ ಶ್ರೀಶೈಲಕ್ಕೆ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ಪಾದಯಾತ್ರೆ ಹೊರಡುವ ಜನ ಇವರು. ದೂರದ ದೇವರಿಗೆ ನಡೆಯುವ ಕಾಲುಗಳು ತಮ್ಮ ಊರನ್ನೇ ಒಮ್ಮೆ ಸುತ್ತಿದರೆ ಏನೇನು ಕಂಡೀತು ಎಂಬುದನ್ನು ವಿಚಾರಿಸಬಹುದು.

ಗೋಡೆ, ಗೋಡೆಯೊಳಗಿನ ಗೋಡೆ

ನಡೆಯುವ ಮೊದಲು ಊರಿನ ಆಕಾರ ಮನಸ್ಸಿನಲ್ಲಿರಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಇದು ವಿಜಯಪುರ. ದೆಹಲಿಯ ಸುಲ್ತಾನರ ಅಧಿಕಾರಿಗಳು ಬಂದರು. ಬಳಿಕ ಬಹಮನಿಗಳು ಆಳಿದರು. ಬಹಮನಿ ರಾಜ್ಯ ಒಡೆದಾಗ, 1489–90ರ ಸುಮಾರಿಗೆ, ಇಲ್ಲಿನ ಅಧಿಕಾರಿಯಾಗಿದ್ದ ಯೂಸುಫ್ ಆದಿಲ್ ಖಾನ್ ಸ್ವತಂತ್ರನಾದ. ಅವನ ವಂಶ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಶರಣಾಗುವವರೆಗೆ, ಹತ್ತಿರ ಹತ್ತಿರ ಇನ್ನೂರು ವರ್ಷ ಆಳಿತು. ವಿಜಯಪುರ ಬಿಜಾಪುರವಾಗಿ, 2014ರ ನವೆಂಬರ್ 1ರಿಂದ ಮತ್ತೆ ವಿಜಯಪುರವೆಂಬ ಅಧಿಕೃತ ಹೆಸರು ಪಡೆಯಿತು.

ಊರಿನ ನಡುವೆ ದುಂಡಗೆ ಅರಕಿಲ್ಲೆ. ರಾಜನೂ ಅರಮನೆಗಳೂ ಇದ್ದ ಒಳಕೋಟೆ. ಅದರ ಸುತ್ತ ಪೇಟೆ. ಪೇಟೆಯ ಸುತ್ತ ಸುಮಾರು ಹತ್ತು ಕಿಲೋಮೀಟರ್ ಉದ್ದದ ಹೊರಗೋಡೆ. 1565ರ ರಕ್ಕಸ–ತಂಗಡಿ ಕಾಳಗದಲ್ಲಿ ವಿಜಯನಗರ ಸೋತ ಮೇಲೆ ಮೊದಲನೆಯ ಅಲಿ ಆದಿಲ್ ಶಾಹನ ಕೈಗೆ ಬಂದ ಸಂಪತ್ತು ಇಂಥ ಗೋಡೆ, ಮಸೀದಿ, ನೀರಿನ ಕಾಮಗಾರಿಗಳಲ್ಲಿ ಸುರಿಯಿತು. ಹೊರಗೋಡೆಗೆ ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಮಂಗೋಳಿ ಎಂದು ಐದು ಮುಖ್ಯ ಬಾಗಿಲುಗಳು. ಔರಂಗಜೇಬ ಹೊಕ್ಕ ಮೇಲೆ ಮಂಗೋಳಿ ಬಾಗಿಲಿಗೆ ಫತೇ ದರವಾಜಾ, ಅಂದರೆ ವಿಜಯದ ಬಾಗಿಲು, ಎಂದು ಹೆಸರಾಯಿತು. ಸೋತವನ ಊರಿನಲ್ಲಿ ಗೆದ್ದವನ ಹೆಸರು ಉಳಿಯುವುದು ಹೀಗೆ.

ಪಿಸುಮಾತಿನ ಲೆಕ್ಕ

ಗೋಲಗುಮ್ಮಟಕ್ಕೆ ಹೋಗುವುದಾದರೆ ಬೆಳಗಿನ ಜಾವ ಬಾಗಿಲು ತೆರೆದ ಕೂಡಲೇ ಹೋಗಬೇಕು. ಹೊತ್ತು ಏರಿದಂತೆ ಕೂಗುವವರು ಹೆಚ್ಚಿ, ಕೇಳುವುದಕ್ಕೆ ಬಂದವರಿಗೆ ಏನೂ ಕೇಳಿಸದಂತಾಗುತ್ತದೆ. 1627ರಿಂದ 1656ರವರೆಗೆ ಆಳಿದ ಮಹಮದ್ ಆದಿಲ್ ಶಾಹನ ಸಮಾಧಿ ಇದು. ಚೌಕದ ಒಂದೊಂದು ಬದಿಯೂ 47 ಮೀಟರಿಗಿಂತ ಉದ್ದ. ಮೇಲಿನ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದೂ ಕಂಬವಿಲ್ಲ.

ಚೌಕದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಹೇಗೆ ಎಂಬುದು ಕಟ್ಟಡ ಕಟ್ಟುವವರ ಹಳೆಯ ತೊಡಕು. ಇಲ್ಲಿನವರು ಕಂಡುಕೊಂಡ ಉಪಾಯವನ್ನು ಕಾಗದದ ಮೇಲೆ ಬರೆದು ನೋಡಬಹುದು. ಒಂದು ಚೌಕ ಬರೆದು, ಅದರ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಇಟ್ಟರೆ ಎಂಟು ಮೂಲೆಗಳ ನಕ್ಷತ್ರವಾಗುತ್ತದೆ. ನಕ್ಷತ್ರದ ಗೆರೆಗಳಿದ್ದಲ್ಲಿ ಕಮಾನುಗಳನ್ನು ಎಬ್ಬಿಸಿದರೆ, ಅವು ಒಂದನ್ನೊಂದು ಹಾದು ಮೇಲೆ ಹೋಗಿ ಒಳಗೆ ಒಂದು ದುಂಡನೆಯ ಅಂಚನ್ನು ಬಿಡುತ್ತವೆ. ಗುಮ್ಮಟ ಕುಳಿತಿರುವುದು ಆ ಅಂಚಿನ ಮೇಲೆ. ಅದರ ಭಾರ ಹೊರಕ್ಕೆ ತಳ್ಳುವುದನ್ನು ಕಮಾನುಗಳ ಭಾರ ಒಳಕ್ಕೆ ಎಳೆದು ಸರಿದೂಗಿಸುತ್ತದೆ.

ಪಿಸುಗುಟ್ಟುವ ಮೊಗಸಾಲೆಯ ಸೋಜಿಗಕ್ಕೂ ಇದೇ ದುಂಡನೆಯ ಗೋಡೆ ಕಾರಣ. ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಬಯಲಿಗೆ ಚದುರಿ ಹೋಗದೆ, ಬಾಗಿದ ಗೋಡೆಯ ಮೈಗೆ ತಾಗಿ ತಾಗಿ ಜಾರುತ್ತ ಎದುರಿನವರ ಕಿವಿ ಮುಟ್ಟುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರುದನಿಸುವುದು ಅದೇ ದನಿ ಗುಮ್ಮಟದ ಬಾಗಿದ ಮೈಯ ನಡುವೆ ಮತ್ತೆ ಮತ್ತೆ ಹೋಗಿ ಬರುವುದರಿಂದ. ಗುಂಪಿನಲ್ಲಿ ಹೋದವರಿಗೆ ಒಂದು ಅನುಕೂಲವಿದೆ. ಅರ್ಧ ಜನ ಈಚೆ, ಅರ್ಧ ಜನ ಆಚೆ ಕುಳಿತು ಸರದಿಯಂತೆ ಮೆಲ್ಲಗೆ ಮಾತಾಡಿದರೆ ಇದರ ಗುಟ್ಟು ಕೂಗುವವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಕೆಳಗಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿನವು; ನಿಜವಾದ ಗೋರಿಗಳಿರುವುದು ನೆಲದಡಿಯ ಕೋಣೆಯಲ್ಲಿ. ಸುಲ್ತಾನನ ಜೊತೆಗೆ ಅವನ ಪತ್ನಿಯರು, ಮಗಳು, ಮೊಮ್ಮಗ ಹಾಗೂ ರಂಭಾ ಎಂಬ ನರ್ತಕಿ ಇಲ್ಲಿ ಮಲಗಿದ್ದಾರೆ. ರಾಜನ ಪ್ರೀತಿಗಾಗಿ ಅವಳು ಮೊಗಸಾಲೆಯಿಂದ ಹಾರಿದಳು ಎಂಬ ಕಥೆಯನ್ನು ಗೈಡುಗಳು ಬಿಡದೆ ಹೇಳುತ್ತಾರೆ. ಕಥೆ ಕಥೆಯೇ. ಆದರೆ ನರ್ತಕಿಯೊಬ್ಬಳಿಗೆ ರಾಜಕುಟುಂಬದ ಸಾಲಿನಲ್ಲೇ ಗೋರಿ ಸಿಕ್ಕಿತೆಂಬುದು ಕಥೆಯಷ್ಟೇ ಕುತೂಹಲದ ಸಂಗತಿ.

ಅರಕಿಲ್ಲೆಯ ಕಡೆಗೆ

ಗೋಲಗುಮ್ಮಟದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ಜಾಮಿಯಾ ಮಸೀದಿ. ಕಾಳಗದ ನಂತರದ ವರ್ಷಗಳಲ್ಲಿ ಅಲಿ ಆದಿಲ್ ಶಾಹ ಆರಂಭಿಸಿದ ಈ ಮಸೀದಿಯ ಕೆಲಸ ಪೂರ್ತಿಯಾಗಲೇ ಇಲ್ಲ; ಎರಡು ಮಿನಾರುಗಳು ಏಳಲಿಲ್ಲ. ನೆಲದ ಮೇಲೆ ನಮಾಜಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳ ಗುರುತಿದೆ. ಔರಂಗಜೇಬ ಹಾಸುಗಂಬಳಿಗಳನ್ನು ಒಯ್ದು ಈ ಗೆರೆಗಳನ್ನು ಹಾಕಿಸಿದನೆಂದು ಹೇಳುತ್ತಾರೆ. ಇಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಹೋಗುವವರು ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ನಮಾಜಿನ ಹೊತ್ತನ್ನು ತಪ್ಪಿಸಿ ಹೋಗಬೇಕು.

ಅಲ್ಲಿಂದ ಮುಂದೆ ಮೆಹತರ್ ಮಹಲ್. ಹೆಸರು ಮಹಲಾದರೂ ಇದೊಂದು ಮಸೀದಿಯ ಬಾಗಿಲು. ಮುಂಚಾಚಿದ ಸಜ್ಜೆಯನ್ನು ಹೊತ್ತ ಕಲ್ಲಿನ ತೋಳುಗಳ ಕೆತ್ತನೆ ಬಡಗಿಯ ಕೆಲಸದಷ್ಟು ನಯ. ಅದರಾಚೆ, ಅರಕಿಲ್ಲೆಯ ಕಂದಕದ ಹೊರ ಅಂಚಿನಲ್ಲಿ, 1646ರ ಆಸಾರ್ ಮಹಲ್. ಮೊದಲು ನ್ಯಾಯ ಕೇಳುವ ಮನೆಯಾಗಿ ಕಟ್ಟಿದ್ದು. ಬಳಿಕ ಪ್ರವಾದಿಯವರ ಕೇಶವೆಂದು ನಂಬಿದ ಪವಿತ್ರ ವಸ್ತುವನ್ನು ಇರಿಸಿದ ಸ್ಥಳವಾಯಿತು. ಅದರ ಎತ್ತರದ ಮರದ ಕಂಬಗಳು ಮುಂದಿನ ಹೊಂಡದಲ್ಲಿ ನೆರಳಾಗಿ ಬೀಳುತ್ತವೆ.

ಅರಕಿಲ್ಲೆಯೊಳಗೆ ಕಾಲಿಟ್ಟರೆ ಚರಿತ್ರೆ ಪದರ ಪದರವಾಗಿ ಕಾಣುತ್ತದೆ. 1320ರ ಕರೀಮುದ್ದೀನ್ ಮಸೀದಿಯಲ್ಲಿ ನಿಂತಿರುವುದು ದೇವಾಲಯದ ಕಂಬಗಳು. ಇದನ್ನು ಮುಚ್ಚಿಡಬೇಕಾಗಿಲ್ಲ, ಕಂಬಗಳೇ ಹೇಳುತ್ತವೆ. ಅದೇ ಅರಕಿಲ್ಲೆಯ ಕಂದಕದ ಬಳಿ ಅರಳಿಮರದಡಿ ನರಸಿಂಹನ ಗುಡಿಯಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇಲ್ಲಿಗೆ ನಡೆದುಕೊಳ್ಳುತ್ತಿದ್ದನೆಂಬುದು ಊರವರ ನಂಬಿಕೆ. ಇದೂ ಅದೇ ಗೋಡೆಯೊಳಗಿನದು. ಗಗನ್ ಮಹಲ್ 1561ರದು. ಅದರ ನಡುವಿನ ಕಮಾನಿನ ಅಗಲವೇ ಅರವತ್ತು ಅಡಿ. ಮೇಲ್ಛಾವಣಿ ಹೋಗಿ ಈಗ ಹೆಸರಿಗೆ ತಕ್ಕಂತೆ ಗಗನವೇ ಮಾಡು. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನ ಮುಂದೆ ತಂದದ್ದು ಇಲ್ಲಿಯೇ ಎಂದು ಹೇಳಿಕೆ. ಅಪ್ಪ, ಅಜ್ಜರ ಸಮಾಧಿಗಳನ್ನು ನೋಡಲು ಲೋಕವೇ ಬರುತ್ತದೆ. ಸಿಕಂದರನ ಗೋರಿ ಮಾತ್ರ ಅದೇ ಊರಿನಲ್ಲಿ ಬಯಲಿಗೆ ಬಿದ್ದ ಸಾದಾ ಗೋರಿ.

ಅರಕಿಲ್ಲೆಯ ವಾಯುವ್ಯಕ್ಕೆ ಬಾರಾಕಮಾನ. ಎರಡನೆಯ ಅಲಿ ಆದಿಲ್ ಶಾಹ ತನ್ನ ತಂದೆಯ ಗುಮ್ಮಟವನ್ನು ಮೀರಿಸುವ ಸಮಾಧಿ ಕಟ್ಟಲು ಹೊರಟು, 1672ರಲ್ಲಿ ತೀರಿಕೊಂಡ. ಕಪ್ಪುಕಲ್ಲಿನ ಬರೀ ಕಮಾನುಗಳು ಉಳಿದವು. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳಬೇಕೆಂಬ ಆಸೆಯಿತ್ತು ಎಂದು ಜನ ಹೇಳುತ್ತಾರೆ. ಎರಡರ ನಡುವಿನ ದೂರವನ್ನು ನಡೆದು ಬಂದವರಿಗೆ ಈ ಮಾತು ಎಷ್ಟು ನಿಜವೆಂದು ಯಾರೂ ವಿವರಿಸಬೇಕಾಗಿಲ್ಲ. ಮುನ್ನೂರೈವತ್ತು ವರ್ಷ ಮಾಡಿಲ್ಲದೆ ನಿಂತ ಕಮಾನುಗಳು ಕಟ್ಟಿದವರ ಕೈಗುಣಕ್ಕೆ ಸಾಕ್ಷಿ.

ಆದಿಲ್‌ಶಾಹಿಗಳ ನಂತರ ಊರು ಇಳಿಮುಖವಾಯಿತು. 1876–78ರ ಬರ ಈ ಸೀಮೆಯನ್ನು ಸುಟ್ಟಿತು. 1884ರಲ್ಲಿ ರೈಲು ಬಂತು. 1885ರಲ್ಲಿ ಬ್ರಿಟಿಷರು ಜಿಲ್ಲೆಯ ಮುಖ್ಯಸ್ಥಳವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಪಾಳುಬಿದ್ದ ಅರಮನೆಗಳು ಕಚೇರಿಗಳಾದವು, ಸಾಹೇಬರ ಮನೆಗಳಾದವು. ಅರಕಿಲ್ಲೆಯ ಸುತ್ತ ಅರ್ಜಿ ಹಿಡಿದು ಓಡಾಡುವ ರೈತನಿಗೂ ಅಲ್ಲಿನ ಕಮಾನುಗಳಿಗೂ ನೂರಮೂವತ್ತು ವರ್ಷಕ್ಕೂ ಮಿಕ್ಕಿದ ನಂಟು.

ಟಿಕೆಟ್ಟಿಲ್ಲದ ನೀರು

ಬಸ್ಸಿನವರಿಗೆ ಕಾಣದ, ನಡೆಯುವವರಿಗೆ ಮಾತ್ರ ಕಾಣುವ ಒಂದು ಸಂಗತಿ ನೀರು. ಬೀದಿಯ ತಿರುವಿನಲ್ಲಿ, ಮನೆಗಳ ನಡುವೆ ಅಲ್ಲಲ್ಲಿ ಚೌಕಾಕಾರದ ಕಲ್ಲಿನ ಗೋಪುರಗಳು ನಿಂತಿವೆ. ಇವುಗಳ ಹೆಸರು ಗಂಜ್. ಹೊಸಬರು ಇವನ್ನು ಪಾಳುಬಿದ್ದ ಕಾವಲು ಕಟ್ಟೆಗಳೆಂದು ತಿಳಿಯುತ್ತಾರೆ.

ಇದು ಮಳೆ ಕಡಿಮೆಯ ಸೀಮೆ. ಊರಿಗೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತರಲಾಯಿತು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹರಿಸಿದರು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕಾಗಿ ನಡುನಡುವೆ ಗಂಜ್‌ಗಳು. ನೀರು ಗೋಪುರದೊಳಗೆ ಏರಿ, ಒತ್ತಡ ತಗ್ಗಿ, ಹೂಳು ತಳದಲ್ಲಿ ಕುಳಿತು, ತಿಳಿಯಾದದ್ದು ಮುಂದಕ್ಕೆ ಹೋಗುತ್ತಿತ್ತು. ಅರಮನೆಯ ಕಾರಂಜಿಗೂ ಓಣಿಯ ಹೊಂಡಕ್ಕೂ ಇದೇ ನೀರು.

ಇದರ ಜೊತೆಗೆ ಬಾವಡಿಗಳು. 1579ರ ಚಾಂದ್ ಬಾವಡಿ ಅಲಿ ಆದಿಲ್ ಶಾಹನ ರಾಣಿ ಚಾಂದ್ ಬೀಬಿಯ ಹೆಸರಿನದು. ಮಕ್ಕಾ ಬಾಗಿಲ ಹತ್ತಿರದ ತಾಜ್ ಬಾವಡಿ 1620ರದು, ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಎತ್ತರದ ಕಮಾನಿನಡಿ ಮೆಟ್ಟಿಲಿಳಿದರೆ ಕೆರೆಯಂಥ ಚೌಕದ ಬಾವಿ, ಸುತ್ತಲೂ ಪ್ರಯಾಣಿಕರು ತಂಗುವ ಕೋಣೆಗಳು. ಬಹುಕಾಲ ಕಸದ ತೊಟ್ಟಿಯಾಗಿದ್ದ ಇಂಥ ಬಾವಡಿಗಳ ಹೂಳೆತ್ತುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಕೃಷ್ಣೆಯ ನೀರು ಬಂದ ಮೇಲೆ ಬಾವಡಿಗಳನ್ನು ಊರು ಮರೆತಿತ್ತು. ಬರ ಬಂದ ವರ್ಷಗಳಲ್ಲಿ ಮತ್ತೆ ನೆನಪಾಗುತ್ತವೆ. ನಲ್ಲಿಯ ನೀರು ಬರುವ ದಿನವನ್ನು ಎಣಿಸಿದ ಗೃಹಿಣಿಗೆ ಗಂಜ್‌ನ ಲೆಕ್ಕಾಚಾರ ಇಂಜಿನಿಯರಿಗೆ ಅರ್ಥವಾದಷ್ಟೇ ಚೆನ್ನಾಗಿ ಅರ್ಥವಾದೀತು.

ಗುಡಿಯ ಸುತ್ತ

ಬಾರಾಕಮಾನದಿಂದ ಪೇಟೆಗೆ ಇಳಿದರೆ ಸಿದ್ಧೇಶ್ವರ ಗುಡಿ. ಪ್ರವಾಸಿ ಪುಸ್ತಕಗಳಲ್ಲಿ ಇದರ ಹೆಸರು ಅಪರೂಪ. ಊರಿನವರಿಗೆ ಊರಿನ ಹೃದಯವೇ ಇದು. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶರಣ ಸಿದ್ಧರಾಮನ ನೆನಪಿನ ದೇವರು. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ಎತ್ತರದ ನಂದಿಕೋಲುಗಳು ಬೀದಿಯಲ್ಲಿ ಮೆರೆಯುತ್ತವೆ, ರಾತ್ರಿ ಮದ್ದು ಸುಡುತ್ತಾರೆ, ತೊರವಿಯ ಬಯಲಿನಲ್ಲಿ ದನಗಳ ಜಾತ್ರೆ ಕೂಡುತ್ತದೆ. ಬಿಳಿಜೋಳ ತೆನೆಗಟ್ಟುವ ಕಾಲವದು. ಟಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ ಬಂದವರು ಎತ್ತಿನ ಹಲ್ಲು ನೋಡಿ, ಬೆಲೆ ಮಾತಾಡಿ, ಗುಡಿಗೆ ಬಂದು ಕಾಯಿ ಒಡೆಸಿ, ಪೇಟೆ ಮಾಡಿಕೊಂಡು ಹೋಗುತ್ತಾರೆ. ಜಾತ್ರೆಯೇ ಅವರ ಪಾಲಿನ ನಗರ ಪ್ರವಾಸ.

ಈ ಗುಡಿಯ ಹೆಸರಿನ ಜೊತೆ ಇನ್ನೊಬ್ಬರ ನೆನಪು ಬರುತ್ತದೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಕೀಲಿಗಾಗಿ ಇಲ್ಲಿಗೆ ಬಂದ ಫ. ಗು. ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟುವುದರಲ್ಲಿ ಮುಂದಾಳಾದರು. ಮನೆಮನೆಗಳಲ್ಲಿ, ಮಠಗಳಲ್ಲಿ ಧೂಳು ಹಿಡಿದಿದ್ದ ತಾಳೆಗರಿಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಅಚ್ಚಿನ ಕೆಲಸಕ್ಕಾಗಿ ಸ್ವಂತದ್ದನ್ನು ಮಾರಿಕೊಂಡ ಮನುಷ್ಯ. ಇಂದು ಯಾವ ವೇದಿಕೆಯಲ್ಲೇ ಆಗಲಿ ವಚನವೊಂದು ಕೇಳಿಬಂದರೆ ಅದರ ಹಿಂದೆ ಈ ಊರಿನ ಒಂದು ಅಚ್ಚುಕೂಟದ ದುಡಿಮೆಯಿದೆ. ಅವರ ಹೆಸರಿನ ಸಂಶೋಧನ ಕೇಂದ್ರವೇ ಮುಂದೆ ಎಂ. ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಯನ್ನು ಕೈಗೊಂಡಿತು. ವಚನದ ಊರು ಮತ್ತು ಸುಲ್ತಾನರ ಊರು ಬೇರೆ ಬೇರೆಯಲ್ಲ ಎಂಬ ತಿಳಿವಳಿಕೆಯ ಫಲ ಅದು.

ತಾಟಿನೊಳಗಿನ ಲೋಕ

ಗುಡಿಯ ಸುತ್ತಿನ ಪೇಟೆಗೆ ಬರುವಷ್ಟರಲ್ಲಿ ಹಸಿವಾಗಿರುತ್ತದೆ. ಬೆಳಿಗ್ಗೆಯಾದರೆ ಶಿರಾ, ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ. ಸಂಜೆಯಾದರೆ ಚುರಮುರಿಯ ಗಿರಮಿಟ್ಟು ಮತ್ತು ಬಿಸಿ ಮಿರ್ಚಿಭಜಿ. ಮಧ್ಯಾಹ್ನಕ್ಕೆ ಖಾನಾವಳಿ. ಖಡಕ್ ರೊಟ್ಟಿಯೋ ಬಿಸಿ ರೊಟ್ಟಿಯೋ ಎಂದು ಕೇಳುತ್ತಾರೆ. ತಾಟಿನಲ್ಲಿ ಎಣ್ಣೆಗಾಯಿ, ಮಡಕಿಕಾಳು, ಪುಂಡಿಪಲ್ಲೆ ಅಥವಾ ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. "ಇನ್ನೊಂದ್ ರೊಟ್ಟಿ ನೀಡ್ಲೇನ್ರೀ?" "ಸಾಕ್ರೀ ಅಕ್ಕಾರ" ಎನ್ನುವುದರೊಳಗೆ ಇನ್ನೊಂದು ಬಿದ್ದಿರುತ್ತದೆ. ಮಾಂಸದ ಊಟದವರಿಗೆ ಸಾವಜಿ ಖಾನಾವಳಿಗಳಿವೆ, ಬಿರಿಯಾನಿ, ನಿಹಾರಿಯ ಅಂಗಡಿಗಳಿವೆ.

ಈ ತಾಟನ್ನೂ ಒಂದು ಸ್ಮಾರಕದಂತೆ ಓದಬಹುದು. ಜೋಳದ ಮೂಲ ಆಫ್ರಿಕ. ಸಾವಿರಾರು ವರ್ಷಗಳ ಹಿಂದೆ ಬಂದು ಇಲ್ಲಿನ ಎರೆಭೂಮಿಗೆ ಹೊಂದಿಕೊಂಡಿತು. ಮಳೆಗಾಲದ ಕೊನೆಗೆ ಬಿತ್ತಿದರೆ ಕಪ್ಪುಮಣ್ಣು ಹಿಡಿದಿಟ್ಟ ತೇವದಲ್ಲೇ, ಚಳಿಯ ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಡೋಣಿ ಹೊಳೆಯ ದಂಡೆಯ ಎರೆಹೊಲಗಳ ಬಗೆಗಿನದು. ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1510ರಲ್ಲಿ ಅವರು ಗೋವೆಯನ್ನು ಕಿತ್ತುಕೊಂಡದ್ದು ಬಿಜಾಪುರದ ಕೈಯಿಂದಲೇ. ಶೇಂಗಾ ಕೂಡ ದಕ್ಷಿಣ ಅಮೆರಿಕದ ಬೆಳೆ. ಬದನೆ ಮತ್ತು ಎಳ್ಳು ನಮ್ಮ ಕಡೆಯವು. ಕೆಂಪು ಖಾರವಿಲ್ಲದ ಊಟ ಇಂದು ಈ ಸೀಮೆಯಲ್ಲಿ ಊಹಿಸಲಾಗದು. ಮೊದಲ ಸುಲ್ತಾನ ಯೂಸುಫನ ಅಡುಗೆಮನೆಗೆ ಮೆಣಸಿನಕಾಯಿಯ ಪರಿಚಯವೇ ಇದ್ದಿರಲಾರದು.

1603–04ರಲ್ಲಿ ಮೊಗಲ್ ಚಕ್ರವರ್ತಿ ಅಕ್ಬರನ ದೂತನಾಗಿ ಬಂದ ಅಸದ್ ಬೇಗ್ ಈ ಊರಿನ ಬಜಾರನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅಗಲವಾದ, ಬಹು ಉದ್ದದ ಬೀದಿ. ಒಡವೆ, ಬಟ್ಟೆ, ಅತ್ತರು, ರೊಟ್ಟಿ, ಹಣ್ಣುಗಳ ಸಾಲು ಸಾಲು ಅಂಗಡಿಗಳು. ಇಲ್ಲಿ ಅವನು ಹೊಸ ವಸ್ತುವೊಂದನ್ನು ಕಂಡ: ತಂಬಾಕು. ಅದನ್ನೂ ರತ್ನಖಚಿತ ಹುಕ್ಕಾ ಕೊಳವೆಯನ್ನೂ ಒಯ್ದು ಅಕ್ಬರನ ಮುಂದಿಟ್ಟ. ಚಕ್ರವರ್ತಿ ಒಂದೆರಡು ದಮ್ಮು ಎಳೆದು ನೋಡಿದನಂತೆ. ಸಮುದ್ರದಾಚೆಯ ಸಾಮಾನು ದೆಹಲಿ, ಆಗ್ರಾಗಳಿಗಿಂತ ಮೊದಲು ಬಿಜಾಪುರದ ಪೇಟೆಗೆ ಬರುತ್ತಿತ್ತು ಎಂಬುದಕ್ಕೆ ಇದೊಂದು ನಿದರ್ಶನ. ಸರಕಿನಂತೆ ಜನರೂ ಬಂದರು: ಇರಾನಿನವರು, ತುರ್ಕರು, ಆಫ್ರಿಕದ ಹಬ್ಸಿಗಳು. ಮಹಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬ್ಸಿಯೇ. ರೊಟ್ಟಿಯ ಜೋಳವೂ ರಾಜ್ಯದ ಮಂತ್ರಿಯೂ ಒಂದೇ ಖಂಡದವರು.

ರೊಟ್ಟಿಯ ಕೆಲಸವೂ ಗಮನಿಸಬೇಕಾದದ್ದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ಹಿಟ್ಟು ನಾದಬೇಕು, ಅಂಗೈಯಿಂದ ಬಡಿದು ತಿರುಗಿಸುತ್ತ ತೆಳ್ಳಗೆ ಮಾಡಬೇಕು. ಒಂದು ರೊಟ್ಟಿ ಹರಿಯದೆ ಹೆಂಚಿಗೆ ಬೀಳಲು ವರ್ಷಗಳ ರೂಢಿ ಬೇಕು. ಹಿಂದೆ ಇದಕ್ಕೂ ಮೊದಲು ಬೀಸುವ ಕೆಲಸವಿತ್ತು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳು ಹಾಡಿದ ಹಾಡುಗಳೇ ಜನಪದ ಸಾಹಿತ್ಯದ ದೊಡ್ಡ ಪಾಲು. ಬಿಜಾಪುರದ ಸೂಫಿಗಳೂ ಇದನ್ನು ಕಂಡರು. ಶಹಾಪುರ ದಿಬ್ಬದಲ್ಲಿ ನೆಲೆಸಿದ ಮೀರಾಂಜಿಯವರ ಪರಂಪರೆಯ ಸಂತರು ಜ್ಞಾನದ ಮಾತುಗಳನ್ನು ಪಾರಸಿಯಲ್ಲಿ ಬಿಡದೆ ದಖನಿ ನುಡಿಗೆ ತಂದರು. 'ಚಕ್ಕೀನಾಮಾ' ಎಂಬ ಬೀಸುವ ಹಾಡುಗಳು ಹೀಗೆ ಹುಟ್ಟಿದವು. ಸೂಫಿ ವಿಚಾರ ಈ ನಾಡಿನ ಮನೆಗಳೊಳಗೆ ಹೋದದ್ದು ಹೆಚ್ಚಾಗಿ ಹೆಂಗಸರ ಬೀಸುಕಲ್ಲು, ಚರಕಗಳ ಮೂಲಕ ಎಂದು ಚರಿತ್ರಕಾರ ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಒಂದು ಓಣಿಯಲ್ಲಿ ಕನ್ನಡ, ಪಕ್ಕದ ಓಣಿಯಲ್ಲಿ ದಖನಿ. ಕಲ್ಲು ಒಂದೇ, ಜೋಳ ಒಂದೇ. ಮೊಹರಮ್ಮಿನಲ್ಲಿ ಚೊಂಗೆ ಮಾಡಿ ಓದಿಕೆ ಮಾಡಿಸುವ ಹಿಂದೂ ಮನೆಗಳು ಈ ಭಾಗದಲ್ಲಿ ಇಂದಿಗೂ ಇವೆ.

ಪಶ್ಚಿಮದ ಗೋಡೆ

ಊಟವಾದ ಮೇಲಿನ ನಡಿಗೆ ಪಶ್ಚಿಮಕ್ಕೆ. ಉಪ್ಪಲಿ ಬುರುಜು 1584ರದು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿ ಎಂಬತ್ತು ಅಡಿ ಮೇಲೆ ನಿಂತರೆ ಬೆಳಿಗ್ಗೆಯಿಂದ ನಡೆದ ದಾರಿಯೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಮುಂದೆ ಹೊರಗೋಡೆಯ ಷರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ಆನೆಯನ್ನು ನುಂಗುವ ಸಿಂಹದ್ದು. ನಾನೂರು ಎತ್ತು, ಹತ್ತು ಆನೆ ಹೂಡಿ ಇದನ್ನು ಎಳೆದು ತಂದರೆಂದು ಹೇಳುತ್ತಾರೆ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಕೂಗಿದ ಬೆಲೆ ನೂರೈವತ್ತು ರೂಪಾಯಿ! ಪುಣ್ಯಕ್ಕೆ ಆ ಹರಾಜು ರದ್ದಾಯಿತು. ಒಂದು ಕಾಲದ ಹೆಮ್ಮೆಯ ವಸ್ತು ಇನ್ನೊಂದು ಕಾಲಕ್ಕೆ ಗುಜರಿಯಾಗುವುದಕ್ಕೆ ಎಷ್ಟು ಅಂತರ ಸಾಕೆಂಬುದನ್ನು ಈ ಬೆಲೆ ತಿಳಿಸುತ್ತದೆ.

ಗೋಡೆಯಾಚೆ ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ. ರಾಣಿಗಾಗಿ ಆರಂಭವಾಗಿ, 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಮನಿಗೂ ಇದೇ ಮನೆಯಾಯಿತು. ಗೋಲಗುಮ್ಮಟ ಅಳತೆಯಿಂದ ಬೆರಗು ಹುಟ್ಟಿಸಿದರೆ ಇದು ಕುಸುರಿಯಿಂದ. ಕಿಟಕಿಯ ಜಾಲರಿಗಳೇ ಕಲ್ಲಿನ ಅಕ್ಷರಗಳು. ಅವುಗಳ ಸಂದಿಯಿಂದ ಬೆಳಕು ಬರುತ್ತದೆ. 'ಜಗದ್ಗುರು' ಎಂದು ಕರೆಸಿಕೊಂಡ ಈ ಸುಲ್ತಾನ ತನ್ನ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಗ್ರಂಥದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಪ್ರವಾದಿಯವರನ್ನೂ ನೆನೆದವನು. ತೊರವಿಯ ಬಳಿ ಸಂಗೀತಕ್ಕೆಂದೇ ನವರಸಪುರ ಎಂಬ ಹೊಸ ಊರನ್ನು ಕಟ್ಟಿಸಲು ತೊಡಗಿದ. ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರ ವಾಲ್ಮೀಕಿಯ 'ತೊರವೆ ರಾಮಾಯಣ' ಹುಟ್ಟಿತ್ತು. ಒಂದು ಹರದಾರಿಯೊಳಗೆ ರಾಮಾಯಣ, ನವರಸ, ವಚನ, ಚಕ್ಕೀನಾಮಾ ಎಲ್ಲಕ್ಕೂ ಜಾಗ ಕೊಟ್ಟ ನೆಲವಿದು.

ಕಲ್ಲಿನ ಪಕ್ಕದ ಮನೆ

ಈ ಊರನ್ನು ನಡೆದು ನೋಡಬೇಕೆನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯಿದೆ ಹೀಗೆನ್ನುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಇದು ಸರಿಹೋಗುತ್ತದೆ. ಹೆಜ್ಜೆಗೊಂದು ಸ್ಮಾರಕವಿರುವ ವಿಜಯಪುರದಲ್ಲಿ ಈ ವರ್ತುಲಗಳು ಒಂದರ ಮೇಲೊಂದು ಬಿದ್ದು ಹಳೆಯ ಊರಿನ ಬಹುಭಾಗವನ್ನು ಆವರಿಸುತ್ತವೆ. ಸೋರುವ ಮಾಳಿಗೆಯ ರಿಪೇರಿಗೂ, ಮಗನ ಮದುವೆಗೆಂದು ಒಂದು ಕೋಣೆ ಏರಿಸುವುದಕ್ಕೂ ಕಚೇರಿ ಅಲೆಯಬೇಕಾದ ಮನೆಯವನಿಗೆ ಪಕ್ಕದ ಗುಮ್ಮಟ ಹೆಮ್ಮೆಯಾಗಿ ಕಾಣುವುದು ಕಷ್ಟ. ಕಾಯಿದೆ ಇಲ್ಲದಿದ್ದರೆ ಗುಮ್ಮಟವೇ ಉಳಿಯದು ಎಂಬುದೂ ಅಷ್ಟೇ ಸತ್ಯ. 2014ರಿಂದ ದಖನ್ನಿನ ಸುಲ್ತಾನರ ಸ್ಮಾರಕಗಳು ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ವಿಶ್ವದ ಮನ್ನಣೆ ಬಂದರೆ ಪ್ರವಾಸಿಗರು ಹೆಚ್ಚಿಯಾರು. ಹೆಚ್ಚಿದ ಪ್ರವಾಸಿಗರೂ ಎರಡು ಟಿಕೆಟ್ಟು ಹರಿಸಿ ಎರಡು ಗಂಟೆಯಲ್ಲಿ ಹೊರಟುಹೋದರೆ ನಡುವಿನ ಓಣಿಗಳವರಿಗೆ ನಿರ್ಬಂಧ ಮಾತ್ರ ಉಳಿಯುತ್ತದೆ.

ನಡಿಗೆಯ ಗುಂಪಿನಿಂದ ಈ ಬಿಕ್ಕಟ್ಟು ಬಗೆಹರಿಯುವುದಿಲ್ಲ. ಆದರೆ ನಡೆಯುವವನು ಬಾಯಾರಿದಲ್ಲಿ ಚಹಾ ಕುಡಿಯುತ್ತಾನೆ, ಹಸಿದಲ್ಲಿ ಉಣ್ಣುತ್ತಾನೆ, ಟಿಕೋಟಾದ ಒಣದ್ರಾಕ್ಷಿ ಕೊಳ್ಳುತ್ತಾನೆ, ಗಂಜ್‌ನ ನೆರಳಲ್ಲಿ ಕುಳಿತ ಅಜ್ಜನನ್ನು ದಾರಿ ಕೇಳುತ್ತಾನೆ. ಅವನ ದುಡ್ಡೂ ಮಾತೂ ಓಣಿಯೊಳಗೇ ಉಳಿಯುತ್ತವೆ. ಊರಿನ ಶಾಲೆಗಳು ವರ್ಷಕ್ಕೊಮ್ಮೆ ತಮ್ಮ ಮಕ್ಕಳನ್ನು ದೂರದ ಪ್ರವಾಸಕ್ಕೆ ಒಯ್ಯುವ ಮೊದಲು ಇದೇ ಐದು ಕಿಲೋಮೀಟರ್ ನಡೆಸಿದರೂ ಸಾಕು. ತನ್ನ ಓಣಿಯ ಗೋಪುರ ಏಕೆ ನಿಂತಿದೆ ಎಂದು ತಿಳಿದ ಮಗು ಅದರ ಬುಡದಲ್ಲಿ ಕಸ ಸುರಿಯಲು ಹಿಂಜರಿದೀತು.

ಹೋಗುವವರಿಗೆ ಎರಡು ಮಾತು. ಡಿಸೆಂಬರ್, ಜನವರಿ ಒಳ್ಳೆಯ ತಿಂಗಳುಗಳು. ಬೇಸಗೆಯ ಬಿಸಿಲಿನಲ್ಲಿ ಈ ನಡಿಗೆ ಆಗದ ಮಾತು. ಒಂದೇ ದಿನಕ್ಕೆ ಎಲ್ಲವನ್ನೂ ತುರುಕದೆ, ಮೊದಲ ದಿನ ಗೋಲಗುಮ್ಮಟದಿಂದ ಸಿದ್ಧೇಶ್ವರ ಗುಡಿಯವರೆಗೆ, ಮರುದಿನ ಗುಡಿಯಿಂದ ಇಬ್ರಾಹಿಂ ರೋಜಾದವರೆಗೆ ಎಂದು ಹಂಚಿಕೊಳ್ಳುವುದು ಲೇಸು. ಸಂಕ್ರಾಂತಿಯ ಆಸುಪಾಸಿಗೆ ಹೋದರೆ ಜಾತ್ರೆಯೂ ಸಿಗುತ್ತದೆ, ಎಳ್ಳು ಹಚ್ಚಿದ ಸಜ್ಜಿರೊಟ್ಟಿಯೂ ಸಿಗುತ್ತದೆ, ಅದೃಷ್ಟವಿದ್ದರೆ ಹೊಲದ ಬದುವಿನಲ್ಲಿ ಸುಟ್ಟ ಎಳೆಜೋಳದ ಸೀತನಿಯೂ.